ಶಾರದಾ ಸದನದ ಪಂಡಿತಾ ರಮಾಬಾಯಿ

ಶರನ್ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೀಠದ ಮೇಲಿರಿಸಿ ಶಾರದೆಯನ್ನು ಆವಾಹಿಸುವುದು ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಊರು ಬಿಟ್ಟು ದೂರದ ಮಹಾನಗರಗಳಲ್ಲಿ ನೆಲೆಸಿದವರೂ ಎರಡು ಕೋಣೆಯ ಮನೆಯ ಒಂದು ಮೂಲೆಯಲ್ಲಿ ಮಕ್ಕಳ ಪಠ್ಯಪುಸ್ತಕಗಳನ್ನು ಜೋಡಿಸಿ, ಅರಿಸಿನ ಕುಂಕುಮವಿಟ್ಟು ಕೈಮುಗಿಯುತ್ತಾರೆ. ವಿದ್ಯೆಯ ಅಧಿದೇವತೆಯನ್ನು ಸ್ತ್ರೀರೂಪದಲ್ಲಿ ಕಂಡ ಈ ನಾಡಿನಲ್ಲಿಯೇ ಸ್ತ್ರೀಗೆ ವಿದ್ಯೆ ಸಲ್ಲದೆಂಬ ಮಾತು ಶತಮಾನಗಳ ಕಾಲ ಚಲಾವಣೆಯಲ್ಲಿದ್ದುದು ವಿಧಿಯ ವಿಡಂಬನೆಯೇ ಸರಿ. ಆ ವಿಡಂಬನೆಯನ್ನು ಅಳಿಸುವುದಕ್ಕೆ ತನ್ನ ಬಾಳನ್ನೇ ಸವೆಸಿದ ಒಬ್ಬ ಮಹಿಳೆಗೆ ವಿದ್ವಾಂಸರು ಸರಸ್ವತಿ ಎಂಬ ಬಿರುದನ್ನಿತ್ತರು. ಅವರು ತಾವು ಕಟ್ಟಿದ ಶಾಲೆಗೆ ಶಾರದೆಯ ಹೆಸರನ್ನಿಟ್ಟರು. ಆ ಶಾಲೆ ನಡೆದದ್ದು ರಾಜಾಶ್ರಯದಿಂದಲ್ಲ, ಸರ್ಕಾರದ ಅನುದಾನದಿಂದಲೂ ಅಲ್ಲ; ಅದನ್ನು ಎಂದೂ ಕಣ್ಣಾರೆ ಕಾಣದ, ಸಪ್ತಸಮುದ್ರಗಳಾಚೆಯ ಸಾಮಾನ್ಯ ಜನರು ವರ್ಷವರ್ಷವೂ ಕೂಡಿಸಿ ಕಳುಹಿಸಿದ ಸಣ್ಣ ಸಣ್ಣ ಕಾಣಿಕೆಗಳಿಂದ. ಆ ಮಹಿಳೆ ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ಕನ್ನಡನಾಡಿನ ಕಾಡಿನಲ್ಲಿ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಮನೆಮಾತು ಮರಾಠಿಯಾದರೂ ಆ ಚಿತ್ಪಾವನ ಮನೆತನ ಘಟ್ಟದ ಕೆಳಗೆ ನೆಲೆಗೊಂಡು ತಲೆಮಾರುಗಳು ಸಂದಿದ್ದವು. ವಿದ್ಯಾರ್ಥಿಯಾಗಿ ಪುಣೆಗೆ ಹೋದ ಅನಂತಶಾಸ್ತ್ರಿಗಳಿಗೆ ಗುರುಗಳಾದ ರಾಮಚಂದ್ರಶಾಸ್ತ್ರಿಗಳು ಪೇಶ್ವೆಯ ಅರಮನೆಗೂ ಪಾಠ ಹೇಳಲು ಹೋಗುತ್ತಿದ್ದರು. ಒಮ್ಮೆ ಅವರೊಡನೆ ಹೋದ ಶಿಷ್ಯನಿಗೆ ಪೇಶ್ವೆಯ ಪತ್ನಿ ಸಂಸ್ಕೃತ ಶ್ಲೋಕಗಳನ್ನು ಓದುತ್ತಿರುವುದು ಕಂಡಿತು. ಸ್ತ್ರೀಯೊಬ್ಬಳು ದೇವಭಾಷೆಯನ್ನು ಇಷ್ಟು ಚೆನ್ನಾಗಿ ಕಲಿಯಬಲ್ಲಳೆಂದರೆ ತನ್ನ ಮನೆಯಲ್ಲಿಯೂ ಅದು ಏಕಾಗಬಾರದು ಎಂಬ ವಿಚಾರ ಆ ತರುಣನ ಮನಸ್ಸಿನಲ್ಲಿ ಬೇರೂರಿತು. ಊರಿಗೆ ಮರಳಿ ಪತ್ನಿಗೆ ಪಾಠ ಹೇಳಲು ಹೊರಟಾಗ ಮನೆಯ ಹಿರಿಯರು ಅಡ್ಡಬಂದರು, ಆಕೆಗೂ ಒಲವಿರಲಿಲ್ಲ. ಪ್ರಯತ್ನ ಅಲ್ಲಿಗೇ ನಿಂತಿತು.

ಕಾಲಾಂತರದಲ್ಲಿ ಆ ಪತ್ನಿ ತೀರಿಕೊಂಡರು. ತೀರ್ಥಯಾತ್ರೆಯಲ್ಲಿದ್ದ ಅನಂತಶಾಸ್ತ್ರಿಗಳು ಗೋದಾವರಿಯ ದಡದಲ್ಲಿ ಮತ್ತೊಂದು ಯಾತ್ರಿಕ ಕುಟುಂಬವನ್ನು ಸಂಧಿಸಿದರು. ಆ ಗೃಹಸ್ಥರು ತಮ್ಮ ಒಂಬತ್ತು ವರ್ಷದ ಮಗಳನ್ನು ಮಧ್ಯವಯಸ್ಸು ಮೀರಿದ ಈ ಪಂಡಿತರಿಗೆ ಧಾರೆಯೆರೆದು ಕೊಟ್ಟು ತಮ್ಮ ದಾರಿ ಹಿಡಿದರು. ಇಂದಿನ ಕಣ್ಣಿಗೆ ಇದು ಘೋರವಾಗಿ ಕಾಣುವುದು ಸಹಜ. ಮುಂದೆ ಬಾಲವಿವಾಹದ ದುಷ್ಪರಿಣಾಮಗಳನ್ನು ಜಗತ್ತಿಗೆ ಸಾರಿದ ರಮಾಬಾಯಿಯವರ ತಾಯಿಯೇ ಹೀಗೆ ಮದುವೆಯಾಗಿ ಬಂದ ಬಾಲಿಕೆ. ಆದರೆ ಆ ಬಾಲಿಕೆಯ ಅದೃಷ್ಟದಿಂದ, ಪತಿಯಾದವರು ಗುರುವೂ ಆದರು. ಲಕ್ಷ್ಮೀಬಾಯಿಯೆಂಬ ಹೆಸರು ಪಡೆದ ಆಕೆ ಸಂಸ್ಕೃತವನ್ನು ಶ್ರದ್ಧೆಯಿಂದ ಕಲಿತರು. ಈ ವಾರ್ತೆ ಹಬ್ಬಿದಾಗ ಸಂಪ್ರದಾಯಸ್ಥರು ಕೆರಳಿದರು. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರು ವಿದ್ಯೆ ಕಲಿಯುವುದಕ್ಕೆ ಶಾಸ್ತ್ರದ ವಿರೋಧವಿಲ್ಲವೆಂದು ಗ್ರಂಥಾಧಾರಗಳೊಡನೆ ಸಮರ್ಥಿಸಬೇಕಾಯಿತು. ಅನಂತರ ಅವರು ಜನವಸತಿಯಿಂದ ದೂರ ಸರಿದು, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಮನೆ ಕಟ್ಟಿಕೊಂಡರು. ತುಂಗಾ, ಭದ್ರಾ, ನೇತ್ರಾವತಿಗಳು ಜನಿಸುವ ಆ ಬೆಟ್ಟದ ನೆರಳಿನಲ್ಲಿ, ಹುಲಿ ಚಿರತೆಗಳ ಗರ್ಜನೆಯ ನಡುವೆ, ವಿದ್ಯಾರ್ಥಿಗಳಿಗೆ ಅನ್ನವಿಕ್ಕಿ ಪಾಠ ಹೇಳುವ ಆಶ್ರಮವೊಂದು ನಡೆಯಿತು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು.

ಬಂದವರಿಗೆಲ್ಲ ಅನ್ನವಿಕ್ಕಿದ ಮನೆಯಲ್ಲಿ ಧನ ನಿಲ್ಲಲಿಲ್ಲ. ಸಾಲದ ಹೊರೆ ಹೆಚ್ಚಿತು. ಮಗು ಆರು ತಿಂಗಳಿನದಾಗಿದ್ದಾಗ ಕುಟುಂಬ ಮನೆ ಬಿಟ್ಟು ಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ, ಆ ಶಿಶುವನ್ನು ಬೆಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಹದಿನೈದು ವರ್ಷಗಳಿಗೂ ಮಿಕ್ಕಿ ಅವರಿಗೆ ನಿಂತ ಮನೆಯೆಂಬುದಿರಲಿಲ್ಲ. ದೇವಾಲಯದ ಜಗಲಿ, ನದಿಯ ಸೋಪಾನ, ಅರಳಿಯ ಕಟ್ಟೆ ಇವೇ ಮನೆ. ಪುರಾಣಶ್ರವಣ ಮಾಡಿಸಿ ಬಂದ ಅಕ್ಕಿ ಕಾಸುಗಳೇ ಜೀವನ. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ತಾಯಿಯೇ ಗುರುವಾದರು. ಹಗಲಿನ ದುಡಿಮೆಯಲ್ಲಿ ಬಿಡುವಿಲ್ಲದ ಆ ತಾಯಿ ನಸುಕಿನಲ್ಲಿ, ಹಕ್ಕಿಗಳು ಉಲಿಯುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಮಡಿಲಿಗೆಳೆದುಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹೀಗೆ ಪುಸ್ತಕವಿಲ್ಲದೆ ಕಲಿತ ಹುಡುಗಿಗೆ ಹನ್ನೆರಡರ ಸುಮಾರಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾಗಿದ್ದವು. ಮರಾಠಿ, ಕನ್ನಡ, ಹಿಂದೂಸ್ತಾನಿಗಳು ದಾರಿಯಲ್ಲಿಯೇ ನಾಲಗೆಗೆ ಬಂದವು. ಬಂಗಾಳಿ ಅನಂತರ ಸೇರಿತು.

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಕ್ಷಾಮ ಕಾಡಿತು. ಹಸಿದ ಜನರಿಗೆ ಪುರಾಣ ಕೇಳುವ ತ್ರಾಣವೆಲ್ಲಿ? ಇದ್ದ ಪಾತ್ರೆ, ಬಟ್ಟೆ, ಒಡವೆಗಳನ್ನು ಮಾರಿ ತಿಂದದ್ದಾಯಿತು. ಕೂಲಿ ಮಾಡಿ ಅರಿಯದ, ಭಿಕ್ಷೆ ಬೇಡಲು ನಾಚುವ ಆ ವಿದ್ವಾಂಸರ ಕುಟುಂಬ ಕಾಡನ್ನು ಹೊಕ್ಕು, ಹನ್ನೊಂದು ದಿನ ನೀರು ಮತ್ತು ಎಲೆಗಳಿಂದ ಪ್ರಾಣ ಹಿಡಿದುಕೊಂಡಿತು. 1874ರಲ್ಲಿ ತಂದೆ ತೀರಿಕೊಂಡರು, ಕೆಲವೇ ತಿಂಗಳುಗಳಲ್ಲಿ ತಾಯಿ, ಅನಂತರ ಅಕ್ಕ. ತಾಯಿಯ ಶವವನ್ನು ಮೂರು ಮೈಲಿ ದೂರದ ಶ್ಮಶಾನಕ್ಕೆ ಹೊರಲು ಜನ ಸಿಗಲಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಕನಿಕರಿಸಿ ಬಂದರು, ಮೂರನೆಯ ಹೆಗಲು ಅಣ್ಣ ಶ್ರೀನಿವಾಸನದು, ನಾಲ್ಕನೆಯದು ರಮಾಬಾಯಿಯವರದು. ಗಿಡ್ಡ ಆಳಾದುದರಿಂದ ಹೆಗಲು ಎಟುಕದೆ, ಆಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಹಸಿವು ಎಂದರೇನು, ಅನಾಥಸ್ಥಿತಿ ಎಂದರೇನು, ಕೈಕಸಬು ಬಾರದ ವಿದ್ಯೆಯ ಅಸಹಾಯಕತೆ ಎಂದರೇನು ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ.

ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತುತ್ತ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಅವಿವಾಹಿತ ತರುಣಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕೇಳಿ ಆ ನಗರ ಬೆರಗಾಯಿತು. ಪಂಡಿತರು ಪರೀಕ್ಷಿಸಿ, ಮೆಚ್ಚಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಬಂಗಾಳದ ವಕೀಲ ವಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಮಗಳು ಮನೋರಮೆ ಹುಟ್ಟಿ ಒಂದು ವರ್ಷ ತುಂಬುವ ಮುನ್ನವೇ, 1882ರ ಫೆಬ್ರವರಿಯಲ್ಲಿ, ವಿಪಿನ್ ಬಿಹಾರಿಯವರು ವಾಂತಿಭೇದಿಗೆ ತುತ್ತಾದರು. ಇಪ್ಪತ್ತಮೂರರ ಪ್ರಾಯದಲ್ಲಿ ರಮಾಬಾಯಿಯವರೂ ವಿಧವೆಯರ ಸಾಲಿಗೆ ಸೇರಿದರು.

ಕೈಗೂಸಿನೊಡನೆ ಪುಣೆಗೆ ಬಂದು ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಶಿಕ್ಷಣದ ವಿಚಾರಣೆಗಾಗಿ ಬಂದ ಹಂಟರ್ ಆಯೋಗದ ಮುಂದೆ, ಈ ದೇಶದ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ಸ್ವತಃ ವೈದ್ಯವಿದ್ಯೆ ಕಲಿಯಬೇಕೆಂಬ ಹಂಬಲದಿಂದ, ತಾವು ಬರೆದ ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕದ ಮಾರಾಟದ ಹಣವನ್ನು ಆಧಾರವಾಗಿಟ್ಟುಕೊಂಡು 1883ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿದರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ಅವರು ಮಗಳೊಡನೆ ಕ್ರೈಸ್ತ ದೀಕ್ಷೆಯನ್ನು ಪಡೆದರು. ಸ್ವದೇಶದಲ್ಲಿ ಅವರ ವಿಷಯದಲ್ಲಿ ಗೌರವವಿಟ್ಟಿದ್ದ ಅನೇಕರಿಗೆ ಇದು ಆಘಾತವಾಯಿತು. ಆದರೆ ದೀಕ್ಷೆ ಕೊಟ್ಟವರಿಗೂ ಅವರು ಸುಲಭದ ಶಿಷ್ಯೆಯಾಗಿರಲಿಲ್ಲ. ತಮ್ಮ ಬುದ್ಧಿಗೆ ಒಪ್ಪದ ತತ್ತ್ವಗಳನ್ನು ಅವರು ಅಲ್ಲಿಯೂ ಪ್ರಶ್ನಿಸಿದರು. ಗುರುಹಿರಿಯರೆಂಬ ಕಾರಣಕ್ಕೆ ತಲೆಬಾಗಲಿಲ್ಲ.

1886ರ ಮಾರ್ಚ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆ ರಮಾಬಾಯಿಯವರಿಗೆ ಆಹ್ವಾನ ಬಂತು. ಬಂಧುವೂ ಆಗಿದ್ದ ಆ ತರುಣಿಯ ಸಂತೋಷದಲ್ಲಿ ಪಾಲ್ಗೊಳ್ಳಲು ಹೋದವರು ಅಲ್ಲಿ ಮೂರು ವರ್ಷಗಳ ಸಮೀಪ ಉಳಿದರು. ಸ್ವದೇಶಕ್ಕೆ ಮರಳಿದ ಆನಂದೀಬಾಯಿಯವರು ಇಪ್ಪತ್ತೆರಡು ತುಂಬುವ ಮೊದಲೇ, 1887ರ ಫೆಬ್ರವರಿಯಲ್ಲಿ, ಪುಣೆಯಲ್ಲಿ ಕ್ಷಯದಿಂದ ಕಣ್ಮುಚ್ಚಿದರು. ಒಂದು ಮಹದಾಶೆ ಹೀಗೆ ಮುರುಟಿದ ವರ್ಷದಲ್ಲಿಯೇ ರಮಾಬಾಯಿಯವರು ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದು ಪ್ರಕಟಿಸಿದರು. ಅದನ್ನು ಅರ್ಪಿಸಿದ್ದು ನಸುಕಿನಲ್ಲಿ ಪಾಠ ಹೇಳಿದ ತಾಯಿ ಲಕ್ಷ್ಮೀಬಾಯಿಯವರ ನೆನಪಿಗೆ. ಆಟಿಕೆ ಹಿಡಿಯುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡು, ಗಂಡನ ಮುಖವನ್ನೂ ಸರಿಯಾಗಿ ನೋಡದೆ ವೈಧವ್ಯಕ್ಕೆ ಗುರಿಯಾಗಿ, ತಲೆ ಬೋಳಿಸಿಕೊಂಡು ಹಿತ್ತಿಲಿನ ಕತ್ತಲೆಯಲ್ಲಿ ಬಾಳು ಕಳೆಯುವ ಬಾಲಿಕೆಯರ ವೃತ್ತಾಂತ ಅದರಲ್ಲಿತ್ತು. ಒಂದು ವರ್ಷದೊಳಗೆ ಒಂಬತ್ತು ಸಾವಿರದಷ್ಟು ಪ್ರತಿಗಳು ಖರ್ಚಾದವು.

ಪುಸ್ತಕ ಓದಿ ಕಣ್ಣೀರಿಟ್ಟವರು ಬಹಳ. ಆದರೆ ರಮಾಬಾಯಿಯವರಿಗೆ ಬೇಕಾಗಿದ್ದುದು ಕಣ್ಣೀರಲ್ಲ, ಶಾಲೆ. ಒಂದು ದಿನದ ಉತ್ಸಾಹದಲ್ಲಿ ಸುರಿದ ಹಣ ಕಟ್ಟಡವನ್ನು ಎಬ್ಬಿಸೀತು. ಪ್ರತಿದಿನ ಬೆಳಿಗ್ಗೆ ಮಕ್ಕಳಿಗೆ ಗಂಜಿ ಕಾಯಿಸುವುದು ವರ್ಷವರ್ಷವೂ ತಪ್ಪದೆ ಬರುವ ಆದಾಯ. ಅಮೆರಿಕದ ಸ್ತ್ರೀಯರು ಸಂಘಗಳನ್ನು ಕಟ್ಟಿಕೊಂಡು, ಅಲ್ಪಸ್ವಲ್ಪ ಚಂದಾ ಕೂಡಿಸಿ, ದೊಡ್ಡ ಕಾರ್ಯಗಳನ್ನು ಸಾಧಿಸುತ್ತಿದ್ದುದನ್ನು ಅವರು ಎಚ್ಚರದಿಂದ ಗಮನಿಸಿದ್ದರು. ಮುಂದೆ 1889ರಲ್ಲಿ ಆ ದೇಶವನ್ನು ಕುರಿತು ಮರಾಠಿಯಲ್ಲಿ ಬರೆದ ಪ್ರವಾಸಗ್ರಂಥದಲ್ಲಿಯೂ ಈ ಮಹಿಳಾ ಸಂಘಟನೆಗಳಿಗೆ ವಿಶೇಷ ಸ್ಥಾನ ಕೊಟ್ಟರು. ಊರಿಂದೂರಿಗೆ ಹೋಗಿ, ಚರ್ಚುಗಳಲ್ಲಿ, ಕಾಲೇಜುಗಳಲ್ಲಿ, ಮನೆಗಳ ಹಜಾರಗಳಲ್ಲಿ ಬಿಳಿಯ ಸೀರೆಯುಟ್ಟು ನಿಂತು ಮಾತನಾಡಿ, ಅವರು ಕೇಳಿದ್ದು ಒಂದು ಕಾಲಮಿತಿಯ ವಾಗ್ದಾನವನ್ನು: ಹತ್ತು ವರ್ಷಗಳ ಕಾಲ ವರ್ಷಕ್ಕೆ ಒಂದು ಡಾಲರು.

1887ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಯಾಯಿತು. ಎಡ್ವರ್ಡ್ ಎವರೆಟ್ ಹೇಲ್ ಅವರು ಅಧ್ಯಕ್ಷರು. ಜುಡಿತ್ ಆಂಡ್ರೂಸ್ ಎಂಬ ಮಹಿಳೆ ಕಾರ್ಯಕಾರಿ ಸಮಿತಿಯ ಮುಖ್ಯಸ್ಥೆ. ಅದರ ಪದಾಧಿಕಾರಿಗಳಲ್ಲಿ ಕ್ರೈಸ್ತಮತದ ಬೇರೆ ಬೇರೆ ಪಂಥಗಳ ಪ್ರಮುಖರಿದ್ದರು. ಒಬ್ಬರ ದೇವಾಲಯಕ್ಕೆ ಇನ್ನೊಬ್ಬರು ಕಾಲಿಡದ ಆ ಕಾಲದಲ್ಲಿ ಇವರೆಲ್ಲರೂ ಒಂದು ಮೇಜಿನ ಸುತ್ತ ಕೂಡಲು ಸಾಧ್ಯವಾದದ್ದು ಒಂದು ಕರಾರಿನಿಂದ. ಶಾಲೆಯಲ್ಲಿ ಮತಬೋಧೆ ಕೂಡದು. ಬಂದ ಬಾಲಿಕೆಯರು ತಮ್ಮ ಕುಲದ ಆಚಾರಗಳನ್ನು ತಡೆಯಿಲ್ಲದೆ ಪಾಲಿಸಬಹುದು. ಲೆಕ್ಕಪತ್ರ ಬಾಸ್ಟನ್ನಿಗೆ ಬರಬೇಕು. ಊರೂರುಗಳಲ್ಲಿ ರಮಾಬಾಯಿ ಮಂಡಲಗಳೆಂಬ ಸಣ್ಣ ಕೂಟಗಳು ಹುಟ್ಟಿದವು. ಭಾರತವೆಂಬ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ಆಗಷ್ಟೇ ಹುಡುಕಿ ನೋಡಿದ ಗೃಹಿಣಿಯರೂ ವಿದ್ಯಾರ್ಥಿನಿಯರೂ ತಮ್ಮ ಮನೆಖರ್ಚಿನಲ್ಲಿ ಉಳಿಸಿ ವರ್ಷದ ಡಾಲರನ್ನು ಎತ್ತಿಟ್ಟರು.

1889ರ ಫೆಬ್ರವರಿಯಲ್ಲಿ ರಮಾಬಾಯಿಯವರು ಮುಂಬಯಿಗೆ ಮರಳಿದರು. ಮಾರ್ಚ್ 11ರಂದು ಚೌಪಾಟಿಯ ಬಾಡಿಗೆ ಮನೆಯೊಂದರಲ್ಲಿ ಶಾರದಾ ಸದನ ಆರಂಭವಾಯಿತು. ಅಷ್ಟು ದೂರ ಸುತ್ತಿ, ಅಷ್ಟು ಜನರನ್ನು ಕೂಡಿಸಿ ತೆರೆದ ಶಾಲೆಗೆ ಮೊದಲು ಬಂದವರು ಇಬ್ಬರೇ ಬಾಲಿಕೆಯರೆಂದು ಚರಿತ್ರಕಾರರು ಹೇಳುತ್ತಾರೆ. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಎಂಬಾಕೆ. ಎಳವೆಯಲ್ಲಿಯೇ ಗಂಡನನ್ನು ಕಳೆದುಕೊಂಡು ಕೊಂಕಣದ ಮನೆಯಲ್ಲಿ ಬಾಳು ಸವೆಸುತ್ತಿದ್ದ ಆಕೆಯನ್ನು ಅಣ್ಣ ಕರೆತಂದು ಸೇರಿಸಿದ್ದನು. ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಂಡಾರ್ಕರ್ ಮೊದಲಾದ ಸುಧಾರಕರು ಸಲಹಾ ಸಮಿತಿಯಲ್ಲಿ ನಿಂತು ಶಾಲೆಗೆ ಜನರ ವಿಶ್ವಾಸವನ್ನು ತಂದುಕೊಟ್ಟರು. ಮರುವರ್ಷ ಸದನವು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ವಿಧವೆಯರಿಗೆ ಕೂದಲು ಬೆಳೆಸಿಕೊಳ್ಳುವ ಸ್ವಾತಂತ್ರ್ಯವಿತ್ತು, ಹೂದೋಟವಿತ್ತು, ಗ್ರಂಥಾಲಯವಿತ್ತು, ಅಪಶಕುನವೆಂದು ಮುಖ ತಿರುಗಿಸುವವರಿರಲಿಲ್ಲ.

ಆದರೆ ದೂರದಿಂದ ಬಂದ ಹಣಕ್ಕೆ ಹತ್ತಿರದವರ ಸಂಶಯ ಅಂಟಿಕೊಳ್ಳುವುದು ಲೋಕಾರೂಢಿ. ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿಕೊಂಡು ಮಾಡುತ್ತಿರಲಿಲ್ಲ. ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಮಕ್ಕಳು ಬರಬಹುದಿತ್ತು, ಬಿಡಬಹುದಿತ್ತು. ತಾಯಿಯಂತೆ ಪ್ರೀತಿಸುವವರ ಕೋಣೆಗೆ ಮಕ್ಕಳು ಹೋಗದಿರುತ್ತಾರೆಯೆ? ಕೆಲವರು ಬಂದು ಕುಳಿತರು. ಅದು ಮತಬೋಧೆಯೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಠಿಣವಾಗಿ ಟೀಕಿಸಿತು. 1893ರಲ್ಲಿ ರಾನಡೆ ಮತ್ತು ಭಂಡಾರ್ಕರ್ ಅವರು ಸಮಿತಿಯಿಂದ ಹಿಂದೆ ಸರಿದರು. ಸುಮಾರು ಇಪ್ಪತ್ತೈದು ಬಾಲಿಕೆಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಪೋಷಕರ ಆತಂಕ ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿರಲಿಲ್ಲ. ಸದನದ ಕೆಲವು ಬಾಲಿಕೆಯರು ಮುಂದೆ ಕ್ರೈಸ್ತ ದೀಕ್ಷೆ ಪಡೆದದ್ದುಂಟು. ಹಾಗೆಂದು ರಮಾಬಾಯಿಯವರ ವಾದವನ್ನೂ ಅಲ್ಲಗಳೆಯುವಂತಿರಲಿಲ್ಲ: ಶಾಲೆಯ ಪಾಠದಲ್ಲಿ ಮತವನ್ನು ತರುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದರು, ತಮ್ಮ ದೇವರನ್ನು ಬಚ್ಚಿಡುವುದಾಗಿ ಮಾತು ಕೊಟ್ಟಿರಲಿಲ್ಲ. ಬಾಸ್ಟನ್ನಿನ ಜುಡಿತ್ ಆಂಡ್ರೂಸ್ ಅವರು ಸ್ವತಃ ಪುಣೆಗೆ ಬಂದು ಶಾಲೆಯನ್ನು ಕಂಡರು. ಅಸೋಸಿಯೇಷನ್ ಕೈಬಿಡಲಿಲ್ಲ, ವರ್ಷದ ಡಾಲರುಗಳು ಬರುತ್ತಲೇ ಇದ್ದವು. ಬಾಲಿಕೆಯರನ್ನು ಕಳೆದುಕೊಂಡ ಸದನ ಮತ್ತೆ ಮೆಲ್ಲಮೆಲ್ಲನೆ ತುಂಬಿಕೊಂಡಿತು.

ಇದೇ ಕಾಲದಲ್ಲಿ ಮತ್ತೊಂದು ಸೂಕ್ಷ್ಮವಾದ ವಿವಾದ ಅಮೆರಿಕದಲ್ಲಿಯೇ ಹುಟ್ಟಿತು. ಶಾಲೆಗೆ ಹಣ ಕೂಡಿಸಬೇಕಾದರೆ ಬಾಲವಿಧವೆಯರ ದುಃಖವನ್ನು ಬಣ್ಣಿಸಬೇಕು. ಬಣ್ಣಿಸಿದಷ್ಟೂ ಕೇಳುವವರ ಕಣ್ಣಿಗೆ ಇಡೀ ದೇಶವೇ ಕ್ರೂರವಾಗಿ ಕಾಣುತ್ತದೆ. ಆಗ ಅಲ್ಲಿ ವೇದಾಂತವನ್ನು ಬೋಧಿಸುತ್ತಿದ್ದ ಸ್ವಾಮಿ ವಿವೇಕಾನಂದರಿಗೆ ಇದು ನೋವುಂಟುಮಾಡಿತು. ಅವರ ಮಾತುಗಳಿಂದ ಬ್ರೂಕ್ಲಿನ್ನಿನ ರಮಾಬಾಯಿ ಮಂಡಲದವರು ಕೆರಳಿ, 1895ರಲ್ಲಿ ಪತ್ರಿಕೆಗಳಲ್ಲಿ ವಾದವಿವಾದ ನಡೆಯಿತು. ಸ್ವಾಮೀಜಿಯವರು ಮಾತಿನಲ್ಲಿ ಮಾತ್ರ ಉತ್ತರ ಹೇಳಿ ಸುಮ್ಮನಾಗಲಿಲ್ಲ. ಅಲ್ಲಿಯೇ ಒಂದು ಉಪನ್ಯಾಸವನ್ನು ಕೊಟ್ಟು, ಅದರಿಂದ ಬಂದ ಹಣವನ್ನು ಬಂಗಾಳದಲ್ಲಿ ಶಶಿಪದ ಬ್ಯಾನರ್ಜಿಯವರು ನಡೆಸುತ್ತಿದ್ದ ವಿಧವೆಯರ ಶಾಲೆಗೆ ಮೀಸಲಿಟ್ಟರು. ದೇಶದ ಮರ್ಯಾದೆಯನ್ನು ಕಾಯಹೊರಟವರೂ ದೇಶದ ದುಃಖವನ್ನು ಹೇಳಹೊರಟವರೂ ಕಡೆಗೆ ಬಂದು ಸೇರಿದ್ದು ಒಂದೇ ಹೊಸ್ತಿಲಿಗೆ. ಆ ಹೊಸ್ತಿಲಲ್ಲಿ ಕುಳಿತಿದ್ದವಳು ಅಕ್ಷರ ಕಲಿಯಲು ಬಂದ ಬಾಲವಿಧವೆ.

1896–97ರಲ್ಲಿ ಮಧ್ಯಭಾರತವನ್ನು ಭೀಕರ ಕ್ಷಾಮ ಆವರಿಸಿತು. ಆ ಸುದ್ದಿ ರಮಾಬಾಯಿಯವರ ಎದೆಯಲ್ಲಿ ಇಪ್ಪತ್ತು ವರ್ಷಗಳ ಹಿಂದಿನ ಕಾಡನ್ನೂ, ಎಲೆ ತಿಂದ ದಿನಗಳನ್ನೂ, ತಲೆಯ ಮೇಲಿನ ಚಟ್ಟವನ್ನೂ ಮರಳಿ ತಂದಿತು. ಅವರು ಅಲ್ಲಿಗೆ ಹೋಗಿ, ಹಾದಿಬೀದಿಗಳಲ್ಲಿ ಬಿದ್ದಿದ್ದ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಊರಿನಿಂದ ಮೂವತ್ತು ಮೈಲಿಗೂ ಹೆಚ್ಚು ದೂರದ ಕೇಡ್‌ಗಾಂವ್‌ನಲ್ಲಿ ಕೊಂಡಿಟ್ಟಿದ್ದ ಹೊಲದಲ್ಲಿ ಆ ಮಕ್ಕಳಿಗೆ ಆಸರೆ ಕಟ್ಟಲಾಯಿತು. ಅದೇ ಮುಕ್ತಿ ಸದನ. ಇದು ಕ್ರೈಸ್ತ ಸಂಸ್ಥೆಯೆಂದು ಅವರು ಮೊದಲೇ ಬಹಿರಂಗವಾಗಿ ಹೇಳಿದರು. ಶಾರದಾ ಸದನದ ಕರಾರಿನ ಹಣ ಒಂದು, ಮುಕ್ತಿಯ ಹಣ ಇನ್ನೊಂದು.

1898ಕ್ಕೆ ಹತ್ತು ವರ್ಷಗಳ ವಾಗ್ದಾನ ಮುಗಿಯಿತು. ರಮಾಬಾಯಿಯವರು ಮತ್ತೆ ಸಮುದ್ರ ದಾಟಿ, ಹಣ ಕೊಟ್ಟವರ ಮುಂದೆ ನಿಂತು, ಹತ್ತು ವರ್ಷಗಳ ಕಾರ್ಯವನ್ನು ಒಪ್ಪಿಸಿದರು. ಮನುಷ್ಯನ ಉತ್ಸಾಹ ಎಷ್ಟು ಬೇಗ ಆರುವುದೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಒಂದು ಭಾಷಣವನ್ನು ಕೇಳಿ ಚಂದಾ ಬರೆದವರು ಹತ್ತು ವರ್ಷ ಅದನ್ನು ಕಟ್ಟಿದರು. ಹತ್ತು ವರ್ಷ ಅದನ್ನು ಪಡೆದವರು ತಾವೇ ಹೋಗಿ ವರದಿ ಹೇಳಿದರು. ಅಸೋಸಿಯೇಷನ್ನಿನವರು ಶಾರದಾ ಸದನದ ಆಸ್ತಿಯನ್ನು ರಮಾಬಾಯಿಯವರಿಗೇ ಒಪ್ಪಿಸಿದರು. ಕೊಟ್ಟ ಮಾತಿನ ಅವಧಿ ತೀರಿದ್ದರೂ ಹೊಸ ಹೆಸರಿನಲ್ಲಿ ಸಂಘವನ್ನು ಪುನಃ ಕಟ್ಟಿ ನೆರವನ್ನು ಮುಂದುವರಿಸಿದರು.

1900ರ ಗುಜರಾತಿನ ಕ್ಷಾಮದ ಅನಂತರ ಕೇಡ್‌ಗಾಂವ್‌ನಲ್ಲಿ ಆಶ್ರಯ ಪಡೆದವರ ಸಂಖ್ಯೆ ಸುಮಾರು ಎರಡು ಸಾವಿರಕ್ಕೆ ಮುಟ್ಟಿತು. ಅಲ್ಲಿ ಶಾಲೆಯೊಡನೆ ಕಸುಬೂ ಇತ್ತು: ನೇಯ್ಗೆ, ಹೊಲಿಗೆ, ಗಾಣ, ಹೈನು, ಬೇಸಾಯ, ಮುದ್ರಣಾಲಯ. ತನ್ನ ತಂದೆತಾಯಿಗಳು ಶಾಸ್ತ್ರವನ್ನು ಬಲ್ಲವರಾಗಿಯೂ ಹಸಿವಿನಿಂದ ಸತ್ತುದನ್ನು ಕಂಡಿದ್ದ ಮಗಳು, ತನ್ನ ಆಶ್ರಯದಲ್ಲಿರುವ ಯಾವ ಹೆಣ್ಣೂ ಕೈ ಕಟ್ಟಿಕೊಂಡು ಉಪವಾಸ ಬೀಳಬಾರದೆಂದು ಸಂಕಲ್ಪಿಸಿದ್ದರು. ಅಮೆರಿಕದಲ್ಲಿ ಓದಿ ಮರಳಿದ ಮಗಳು ಮನೋರಮೆ ತಾಯಿಯ ಬಲಗೈಯಾಗಿ ನಿಂತು, ಕುರುಡರಿಗೆ ಬ್ರೈಲ್ ಲಿಪಿಯ ಪಾಠವನ್ನು ಆರಂಭಿಸಿದರು.

ಕನ್ನಡನಾಡಿನ ಋಣವೂ ಉಳಿದಿತ್ತು. 1910ರ ದಶಕದಲ್ಲಿ ತಾಯಿ ಮಗಳು ಸೇರಿ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ತೆರೆದರು. ಹಿಂದುಳಿದ ಆ ಪ್ರದೇಶಕ್ಕೆ ಅಕ್ಷರದ ಬೆಳಕನ್ನು ಒಯ್ದ ಆ ಕಾರ್ಯವನ್ನು ಮನೋರಮೆಯವರು ನಡೆಸಿದರು. ಘಟ್ಟದ ಕಾಡಿನಿಂದ ಬುಟ್ಟಿಯಲ್ಲಿ ಇಳಿದುಹೋದ ಶಿಶು ಅರ್ಧ ಶತಮಾನದ ಅನಂತರ ಕನ್ನಡದ ಇನ್ನೊಂದು ಅಂಚಿಗೆ ಹೀಗೆ ವಿದ್ಯಾದಾನವನ್ನು ಮರಳಿಸಿತು.

ಕಡೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಬೈಬಲನ್ನು ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಅನುವಾದಿಸುವುದರಲ್ಲಿ ತೊಡಗಿದ್ದರು. ಆಶ್ರಮದ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಅದನ್ನು ಅಚ್ಚುಹಾಕುತ್ತಿದ್ದರು. 1921ರ ಜುಲೈಯಲ್ಲಿ ಮನೋರಮೆ ತಾಯಿಗಿಂತ ಮುಂಚೆಯೇ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡು ಅನುವಾದವನ್ನು ಪೂರೈಸಿದ ರಮಾಬಾಯಿಯವರು 1922ರ ಏಪ್ರಿಲ್ 5ರಂದು ಇಹಲೋಕವನ್ನು ತ್ಯಜಿಸಿದರು. 1989ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿಯೊಂದನ್ನು ಹೊರತಂದಿತು.

ಶಾರದಾ ಸದನದ ಫಲವನ್ನು ಅಳೆಯಲು ಮೊದಲ ವಿಧವಾ ವಿದ್ಯಾರ್ಥಿನಿಯೊಬ್ಬಳನ್ನು ನೆನೆದರೆ ಸಾಕು. ಗೋದೂಬಾಯಿ 1893ರ ಮಾರ್ಚ್ 11ರಂದು, ಸದನ ಆರಂಭವಾದ ದಿನವೇ, ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದರು. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನೂ, 1916ರಲ್ಲಿ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು, 1958ರಲ್ಲಿ ಭಾರತರತ್ನರಾದರು. ಆ ಕಾರ್ಯಕ್ಕಾಗಿ ಮನೆಮನೆಗೆ ಹೋಗಿ ಚಂದಾ ಎತ್ತಿದವರಲ್ಲಿ ಆನಂದೀಬಾಯಿ ಕರ್ವೆ ಎಂಬ ಹೊಸ ಹೆಸರು ಪಡೆದ ಗೋದೂಬಾಯಿಯೂ ಇದ್ದರು. ಪರರ ಡಾಲರಿನಿಂದ ಅಕ್ಷರ ಕಲಿತ ಬಾಲವಿಧವೆ, ಪರರ ಮಕ್ಕಳ ಅಕ್ಷರಕ್ಕಾಗಿ ಕೈಚಾಚುವವಳಾದಳು.

ಬಾಸ್ಟನ್ನಿನ ಯಾವ ಗೃಹಿಣಿಯ ಡಾಲರು ಗೋದೂಬಾಯಿಯ ಸ್ಲೇಟಿಗೆ ಸಂದಿತೆಂಬುದು ಯಾರಿಗೂ ತಿಳಿಯದು. ಕೊಟ್ಟವಳು ಅವಳನ್ನು ನೋಡಲಿಲ್ಲ; ಪಡೆದವಳು ಇವಳ ಹೆಸರನ್ನು ಕೇಳಲಿಲ್ಲ. ಇಬ್ಬರ ನಡುವೆ ಇದ್ದದ್ದು ಮಾತಿಗೆ ತಪ್ಪದ ಒಬ್ಬ ಮಹಿಳೆ. ದಾನ ಮಾಡುವವನಿಗೆ ಶ್ರದ್ಧೆ ಬೇಕು, ಪರರ ದಾನವನ್ನು ಕೈಯಲ್ಲಿ ಹಿಡಿದವನಿಗೆ ಅದಕ್ಕಿಂತ ಹೆಚ್ಚಿನ ಶ್ರದ್ಧೆ ಬೇಕು. ಈ ನವರಾತ್ರಿಯಲ್ಲಿ ಪುಸ್ತಕಗಳಿಗೆ ಹೂವೇರಿಸಿ ಶಾರದೆಗೆ ವಂದಿಸುವಾಗ, ಗಂಗಾಮೂಲದಲ್ಲಿ ಹುಟ್ಟಿ ಶಾರದೆಯ ಹೆಸರಿನಲ್ಲಿ ಮನೆಯಿಲ್ಲದವರಿಗೆ ಮನೆ ಕಟ್ಟಿದ ಆ ಪಂಡಿತೆಯನ್ನೂ, ಅವರ ಮಾತನ್ನು ನಂಬಿ ಹತ್ತು ವರ್ಷ ತಪ್ಪದೆ ಕಾಣಿಕೆ ಕಳುಹಿಸಿದ ಆ ಅಜ್ಞಾತ ತಾಯಂದಿರನ್ನೂ ಸ್ಮರಿಸುವುದು ಯೋಗ್ಯವಾದುದು. ಪೀಠದ ಮೇಲಿನ ಪುಸ್ತಕವನ್ನು ವಿಜಯದಶಮಿಯ ಮರುದಿನ ಕಪಾಟಿಗೆ ಸೇರಿಸುವ ಮುನ್ನ, ಅದನ್ನು ಕೊಳ್ಳಲಾರದ ಒಂದು ಮಗುವಿನ ನೆನಪು ಬಂದರೆ ಶಾರದೆಯ ಪೂಜೆ ಪೂರ್ಣವಾದಂತೆ.